ಬೈದು ಬಿಟ್ಟ ಮನೆ

ಬೈಯದ ಮನೆಯನ್ನು ನಾನು ಇವತ್ತಿನವರೆಗೆ ಒಂದೂ ಕೊಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನಲ್ಲಿ ಕೆಲವರು ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಫಕೀರಪ್ಪ, ಅಂದರೆ ನಾನು, ಹೊನ್ನವ್ವನ ಮನೆಯನ್ನು ಸರಿಯಾಗಿ ಬೈಸದೆ ಕೊಂಡ, ಅದಕ್ಕೇ ಹಾಗಾಯಿತು ಎನ್ನುತ್ತಾರೆ. ಸುಳ್ಳು. ಅವಳು ಬೈಯುವಾಗ ನಾನು ಅಲ್ಲೇ ನಿಂತಿದ್ದೆ. ದಾವಲಸಾಬ ಗಾಲಿಯ ಅಚ್ಚಿಗೆ ಕಿವಿ ಇಟ್ಟು ಕೇಳಿದ್ದ. ನಮ್ಮಿಬ್ಬರಿಗಿಂತ ಹೆಚ್ಚು ಗೊತ್ತಿದ್ದವರು ಯಾರಾದರೂ ಇದ್ದರೆ ಎದುರಿಗೆ ಬಂದು ಮಾತಾಡಲಿ.

ಹಳೇ ಗಾಲಿಮನೆ ಕೊಂಡು, ರಿಪೇರಿ ಮಾಡಿ, ಮಾರುವುದು ನನ್ನ ಕಸುಬು. ದಾವಲಸಾಬ ನನ್ನ ಪಾಲುದಾರ, ಕಮ್ಮಾರ. ಗಾಲಿ, ಅಚ್ಚು, ಕೆಳಗಿನ ಕಬ್ಬಿಣದ ಚೌಕಟ್ಟು ಅವನ ಕೆಲಸ. ಮೇಲಿನ ಹಲಗೆ, ತಗಡು, ಬಾಗಿಲು ನನ್ನದು. ಉಳಿದವರು ನಾಲ್ಕು ಕಾಸು ಉಳಿದರೆ ಬಂಗಾರ ಮಾಡಿಸುತ್ತಾರೆ, ನಾವು ಮುರುಕು ಮನೆ ಕೊಳ್ಳುತ್ತೇವೆ. ಬಂಗಾರ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಮುರುಕು ಮನೆಗೆ ಬೆವರು ಸುರಿಸಿದರೆ ಅದು ಬೆಲೆ ಏರಿಸಿಕೊಂಡು ಎದ್ದು ನಿಲ್ಲುತ್ತದೆ. ಕೊಳ್ಳಲು ಹೋದಾಗ ನಾನು ಬಣ್ಣ, ಪರದೆ ಏನನ್ನೂ ನೋಡುವುದಿಲ್ಲ. ಸೀದಾ ಬಚ್ಚಲ ಮೂಲೆಗೆ ಹೋಗಿ ಹಿಮ್ಮಡಿಯಿಂದ ನೆಲ ಗುದ್ದುತ್ತೇನೆ. ಕೊಳೆಯುವುದು ಅಲ್ಲಿಂದಲೇ ಶುರು. ಆಮೇಲೆ ಕಿಟಕಿಯ ಕೆಳಗೆ ಗೋಡೆ ಮೂಸುತ್ತೇನೆ. ಹೊಸ ಬಣ್ಣ ಕಣ್ಣಿಗೆ ಮೋಸ ಮಾಡಬಹುದು, ಮೂಗಿಗೆ ಮಾಡಲಾರದು. ಇಷ್ಟೆಲ್ಲ ಸರಿಯಿದ್ದರೂ, ಬೈಸದೆ ಮುಂಗಡ ಕೊಡುವುದಿಲ್ಲ.

ಬೈಯದ ಮನೆ ಕೊಂಡವರ ಗತಿ ಊರಿಗೆಲ್ಲ ಗೊತ್ತಿದೆ. ಮಾರಿದವನು ಪೇಟೆಗೆ ಹೋದರೆ ಮನೆ ಅವನ ಹಿಂದೆ ಪೇಟೆಗೆ, ಹೊಲಕ್ಕೆ ಹೋದರೆ ಹೊಲಕ್ಕೆ. ಗಾಲಿಗೆ ಕಲ್ಲು ಕೊಟ್ಟರೆ ಕಲ್ಲು ಹತ್ತಿ ಇಳಿಯುತ್ತದೆ. ಸರಪಳಿ ಹಾಕಿದರೆ ಗೂಟ ಕಿತ್ತುಕೊಂಡು ಹೋಗುತ್ತದೆ. ಹೊರಟ ಮನೆಯ ಬಾಗಿಲು ಒಳಗಿನಿಂದಲೂ ತೆರೆಯುವುದಿಲ್ಲ, ಹೊರಗಿನಿಂದಲೂ ತೆರೆಯುವುದಿಲ್ಲ. ಅದಕ್ಕೆ ದಾರಿ ಗೊತ್ತಿಲ್ಲ, ತನ್ನ ಮನುಷ್ಯ ಎಲ್ಲಿದ್ದಾನೆ ಅನ್ನುವುದೊಂದೇ ಗೊತ್ತು. ನೆಟ್ಟಗೆ ಅತ್ತಲೇ ನಡೆಯುತ್ತದೆ. ನಡುವೆ ಬೇಲಿ ಬಂದರೆ ಬೇಲಿ, ಬಾವಿ ಬಂದರೆ ಬಾವಿ. ಆದ್ದರಿಂದ ಮಾರುವವರು ಹೊಸ್ತಿಲ ಮುಂದೆ ನಿಂತು, ನಾಲ್ಕು ಜನರ ಎದುರಿಗೆ ಮನೆಗೆ ಬೈದು ಬಿಡಬೇಕು. ಬಾಯಿಮಾತಿಗೆ ಬೈದರೆ ನಡೆಯುವುದಿಲ್ಲ, ಕರುಳಿನಿಂದ ಬರಬೇಕು. ಕಾಯಿಲೆ ಬಿದ್ದ ಮುದುಕರನ್ನು ಮಕ್ಕಳು ಹೊರಸಿನ ಸಮೇತ ಹೊರಗೆ ತಂದು, “ಅಪ್ಪಾ, ಉಸುರು ಇರೂದ್ರಾಗ ಒಂದ್ ಸಲ ಬೈದು ಬಿಡೋ” ಎಂದು ಗೋಗರೆಯುತ್ತಾರೆ. ಬೈಯದೆ ಸತ್ತವರ ಮನೆಗಳು ಸುಡುಗಾಡಿನ ಬೇಲಿಗೆ ಮೂತಿ ಹಚ್ಚಿ ನಿಂತಿವೆ. ಅವನ್ನು ಕೇಳುವವರಿಲ್ಲ. ಮಳೆಗೆ ನೆನೆದು ಅಲ್ಲೇ ಕೊಳೆಯುತ್ತವೆ.

ಇದರಿಂದಾಗಿ ಊರಿನವರು ತಮ್ಮ ಮನೆಗೆ ಎಂದೂ ಕೆಟ್ಟ ಮಾತು ಆಡುವುದಿಲ್ಲ. ಬಾಗಿಲ ಮೇಲ್ಪಟ್ಟಿ ಹಣೆಗೆ ಬಡಿದು ಬುಗುಟೆ ಬಂದರೂ ಹಲ್ಲು ಕಚ್ಚಿ “ಶಿವ ಶಿವ” ಎನ್ನುತ್ತಾರೆ. ನನಗೆ ಆ ತೊಂದರೆ ಇರಲಿಲ್ಲ. ನನಗೆ ಸ್ವಂತ ಮನೆಯಿಲ್ಲ. ಷೆಡ್ಡಿನಲ್ಲಿ ಹಲಗೆಗಳ ನಡುವೆ ಮಲಗುತ್ತೇನೆ. ಹೆಂಡತಿಯೂ ಇಲ್ಲ. ನನ್ನ ಬಾಯಿಗೆ ಹೆದರಿ ಯಾರೂ ಹೆಣ್ಣು ಕೊಡಲಿಲ್ಲ ಎನ್ನುತ್ತಾರೆ, ಅದು ಮಾತ್ರ ನಿಜ. ಏಳನೇ ಇಯತ್ತೆಯಲ್ಲಿ ಮಾಸ್ತರರಿಗೇ ಬೈದು ಸಾಲೆ ಬಿಟ್ಟವನು ನಾನು. ದಾವಲಸಾಬನಿಗೆ ದಿನಾ ಬೈಯುತ್ತೇನೆ, ಅವನು ದಿನಾ ಬರುತ್ತಾನೆ.

ಹೊನ್ನವ್ವ ರವಿಕೆ ಹೊಲಿಯುವವಳು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ಹಳೇ ಕಲ್ಲುಗಣಿಯ ಆಚೆಗೆ ಅವಳ ಅಕ್ಕ ಹೊಲಿಗೆ ಅಂಗಡಿ ಹಾಕಿದ್ದಳು. ಇಬ್ಬರೂ ಕೂಡಿ ನಡೆಸೋಣವೆಂದು ಇವಳು ಮನೆ ಮಾರಲು ನಿಂತಳು. ಅವಳು ಧ್ವನಿ ಎತ್ತಿ ಮಾತಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಬೈಯುವ ದಿನ ಓಣಿಯ ಹೆಂಗಸರೆಲ್ಲ ನಗಲಿಕ್ಕೆಂದೇ ಬಂದು ನಿಂತರು.

“ಬೈ ತಂಗಿ,” ಎಂದೆ.

“ಏನಂತ ಬೈಲಿ ಅಣ್ಣಾ? ಅದೇನು ಮಾಡೈತಿ ನನಗ?”

“ಏನು ಮಾಡೈತಿ? ಮ್ಯಾಲ ತಗಡು ನೋಡು. ಗೌಡರ ಮಗಳ ಮದುವಿ ರವಿಕಿ ಎಲ್ಲಾ ತೊಯ್ದು ಬಣ್ಣ ಬಿಟ್ಟಿದ್ದು ಮರತೀಯೇನು? ಅವರ ಮನಿ ಹೆಣ್ಮಕ್ಕಳು ಇದ ಓಣ್ಯಾಗ ನಿಂತು ನಿನ್ನ ಮಾನ ಕಳದ್ರಲ್ಲ!”

“ಮಳಿ ಬಂತು, ತೊಯ್ದು. ಮನೀದೇನು ತಪ್ಪು?”

ಗಾಲಿಯ ಪಕ್ಕ ಅಂಗಾತ ಮಲಗಿದ್ದ ದಾವಲಸಾಬ ಕಿಸಕ್ಕನೆ ನಕ್ಕ. “ಫಕೀರಾ, ನಿನ್ನ ಬಾಯಾಗಿಂದು ಒಂದ್ ಮುಟಗಿ ಕೊಡೋ ಆಕಿಗೆ. ನಿನಗೇನು ಕಡಿಮಿ ಆಗಂಗಿಲ್ಲ.”

ಹೊನ್ನವ್ವ ನಗಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಕೈ ತೆಗೆದು, ಎಲ್ಲೋ ಆಳದಿಂದ ಎಳೆದು ತರುವವಳ ಹಾಗೆ, “ನೀ ನನಗ ಬ್ಯಾಡ. ನನ್ನ ಹಿಂದ ಬರಬ್ಯಾಡ,” ಎಂದಳು. ಅಷ್ಟೇ. ಮುಂದೆ ನಿಂತಿದ್ದ ಇಬ್ಬರಿಗೆ ಕೇಳಿಸಿರಬೇಕು, ಹಿಂದಿನವರಿಗೆ ಅದೂ ಇಲ್ಲ. ಆದರೆ ಕೆಳಗೆ ಅಚ್ಚು ಕಟ್ಟೆಂದಿತು. ಗಾಲಿ ನಾಲ್ಕೂ ಸಡಿಲಾದವು.

“ಬಿಟ್ಟೈತಿ,” ಎಂದ ದಾವಲಸಾಬ. ಅವನೂ ಈಗ ನಗುತ್ತಿರಲಿಲ್ಲ.

ಹೆಂಗಸರು ಮಾತ್ರ, ಇದೆಂಥ ಬೈಗುಳ, ಕೂಸಿಗೆ ಲಾಲಿ ಹಾಡಿದ ಹಾಗಿತ್ತು ಎಂದು ಆಡಿಕೊಳ್ಳುತ್ತ ಹೋದರು. ಆ ಮಾತು ನನ್ನ ತಲೆಯಲ್ಲೂ ಒಂದು ಮೂಲೆಯಲ್ಲಿ ಕೂತಿತು. ಇಲ್ಲವೆನ್ನುವುದಿಲ್ಲ.

ಮನೆ ನನ್ನ ಅಂಗಳಕ್ಕೆ ಬಂತು. ಬಚ್ಚಲ ಮೂಲೆಯಿಂದ ಒಲೆಯವರೆಗೆ ನೆಲ ಕೊಳೆತಿತ್ತು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು. ಒಂದು ಹಲಗೆ ಎಬ್ಬಿಸಿದರೆ ಪಕ್ಕದ್ದು ಪುಡಿಯಾಗುತ್ತಿತ್ತು. ಅಷ್ಟರಲ್ಲಿ ಮುಂಗಾರಿನ ಗಾಳಿಗೆ ನನ್ನ ಷೆಡ್ಡಿನ ತಗಡು ಹಾರಿಹೋಯಿತು. ಇದ್ದ ತಾಡಪಾಲನ್ನು ಹಲಗೆಗಳ ಮೇಲೆ ಹೊದಿಸಿ ನಾನು ಹೊನ್ನವ್ವನ ಮನೆಯೊಳಗೆ ಹಾಸಿಗೆ ಹಾಕಿದೆ.

“ಮಾರೂ ಮನ್ಯಾಗ ಯಾಪಾರಿ ಮಲಗಬಾರ್ದೋ,” ಎಂದ ದಾವಲಸಾಬ.

“ನಾನೇನು ಅದಕ್ಕ ಮುತ್ತು ಕೊಡಾಕತ್ತೀನೇನು? ಮುಂಜಾನಿಂದ ಸಂಜೀತನಕ ಬೈಯಾಕತ್ತೀನಿ. ಇಷ್ಟು ಬೈಸಿಕೊಂಡ ಮನಿ ಯಾವ ದೇಶದಾಗೂ ಇರಲಿಕ್ಕಿಲ್ಲ.”

ಹಾಗೆ ಬೈಯುತ್ತಲೂ ಇದ್ದೆ. ಮೊಳೆ ಬಾಗಿದರೆ “ಖೋಡಿ, ಬಾಗ್ತೀಯಾ?” ತಗಡು ಸೋರಿದರೆ “ಮಂಗ್ಯಾನ ಮಗನ, ನನ್ನ ತಲಿ ಮ್ಯಾಲ ಉಚ್ಚಿ ಹೊಯ್ತೀಯಾ?” ರೊಟ್ಟಿ ಬಡಿಯಲು ಕೂತಾಗ ಒಲೆ ಹೊತ್ತದಿದ್ದರೆ ಅದರ ಏಳು ತಲೆಮಾರನ್ನೂ ಎತ್ತುತ್ತಿದ್ದೆ. ಬೈಯುತ್ತ ನೆಲ ಮುಗಿಸಿದೆ. ಬೈಯುತ್ತ ಕಿಟಕಿಗೆ ಹೊಸ ಸರಳು ಹಾಕಿದೆ. ಕೆಲಸ ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಆಯಿತು. ಗಿರಾಕಿಗೆ ಕಾಣದ ಕಡೆಗೂ, ಹಲಗೆಯ ಕೆಳಮೈಗೂ ಎಣ್ಣೆ ತಿಕ್ಕಿದ್ದೆ. ಅದೇಕೆಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಕೊಳ್ಳಲು ಬಂದವರು ಹಿಟ್ಟಿನ ಗಿರಣಿಯ ಮೌನೇಶ, ಅವನ ಹೆಂಡತಿ ಲಲಿತಾ, ಸೆರಗಿನಲ್ಲಿ ಒಂದು ಕೂಸು. ಗಿರಣಿಯ ಗೋಡೆಗೆ ಇಳಿಬಿಟ್ಟ ತಗಡಿನ ಕೆಳಗೆ ಸಂಸಾರ ಮಾಡುತ್ತಿದ್ದರು. ಹಿಟ್ಟಿನ ಧೂಳಿಗೆ ಕೂಸಿನ ಎದೆ ಗೊರಗೊರ ಎನ್ನುತ್ತಿತ್ತು. ಧೂಳಿನಿಂದ ತೆಗೆಯದಿದ್ದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರಂತೆ. ಗಿರಾಕಿಯ ಎದುರಿಗೆ ನಾನು ಬೇರೆಯೇ ಮನುಷ್ಯ. “ಬರ್ರಿ, ಕುಂದರ್ರಿ, ತಂಪಾಗಿ ನೀರು ಕುಡೀರಿ, ತಮ್ಮದ ಮನಿ ಅಂತ ತಿಳಕೊಂಡು ನೋಡ್ರಿ” ಎನ್ನುತ್ತೇನೆ. ಲಲಿತಾ ನೀರು ಕುಡಿಯಲಿಲ್ಲ. ಸೀದಾ ಬಚ್ಚಲ ಮೂಲೆಗೆ ಹೋಗಿ ಹಿಮ್ಮಡಿಯಿಂದ ನೆಲ ಗುದ್ದಿದಳು. ಆ ಹೆಣ್ಣುಮಗಳ ಮೇಲೆ ನನಗೆ ಅಲ್ಲೇ ಗೌರವ ಹುಟ್ಟಿತು. ಕಿವಿಯಲ್ಲಿ ಕೊರಳಲ್ಲಿ ಇದ್ದದ್ದನ್ನೆಲ್ಲ ಮಾರಿ ಅವರು ಮನೆ ಕೊಂಡರು. ಹೊನ್ನವ್ವ ಬೈದು ಬಿಟ್ಟಾಗಿತ್ತು, ನಡುವಿನ ವ್ಯಾಪಾರಿ ಮತ್ತೆ ಬೈದು ಬಿಡುವ ಪದ್ಧತಿಯಿಲ್ಲ. ಆ ದುಡ್ಡಿಗೆ ನಾನೂ ದಾವಲಸಾಬನೂ ಆವತ್ತೇ ಇನ್ನೆರಡು ಮುರುಕು ಮನೆಗಳಿಗೆ ಮುಂಗಡ ಕೊಟ್ಟೆವು. ವ್ಯಾಪಾರವೆಂದರೆ ಹಾಗೆಯೇ, ದುಡ್ಡು ಕೈಯಲ್ಲಿ ತಂಗುವುದಿಲ್ಲ.

ಟ್ರ್ಯಾಕ್ಟರು ಮನೆಯನ್ನು ಎಳೆದುಕೊಂಡು ಹೋಗಿ ಗಿರಣಿಯಿಂದ ದೂರ, ಗಾಳಿ ಬೀಸುವ ದಿನ್ನೆಯ ಮೇಲೆ ನಿಲ್ಲಿಸಿತು. ಅವರು ಹಾಲು ಉಕ್ಕಿಸಿ ಒಳಗೆ ಹೊಕ್ಕರು. ನನ್ನ ಷೆಡ್ಡಿಗೂ ಹೊಸ ತಗಡು ಬಂದಿತ್ತು. ನಾನು ನನ್ನ ಹಲಗೆಗಳ ನಡುವೆ ಮಲಗಿದೆ.

ಮರುದಿನ ಮುಂಜಾನೆ ಹಲಗೆಗೆ ಹತ್ತರಿ ಹೊಡೆದು ನಯ ಮಾಡುತ್ತಿದ್ದೆ. ದಾವಲಸಾಬ ಮೋಟಾರ್ ಸೈಕಲ್ ನಿಲ್ಲಿಸುವ ಮೊದಲೇ ಕೂಗಿದ.

“ಫಕೀರಾ! ಮನಿ ಹೊಂಟೈತಿ!”

“ಯಾವ ಮನಿ?”

“ಮೌನೇಶಂದು! ಅವ ಗಿರಣಿಗೆ ಹ್ವಾದ ಮ್ಯಾಲ ಹೊಂಟೈತಿ. ಒಳಗ ಲಲಿತವ್ವ ಅದಾಳ, ಕೂಸು ಐತಿ. ಬಾಗಲಾ ತೆಗಿಯಾಕ ಬರವಲ್ದು.”

ನಾನು ಹೊರಗೆ ಓಡಿ ದಿನ್ನೆಯ ಕಡೆ ನೋಡಿದೆ. ಊರಿನ ಸೂರುಗಳ ಮೇಲೆ ನಾನೇ ಬಣ್ಣ ಹಚ್ಚಿದ ನೀಲಿ ತಗಡು ಮೆಲ್ಲಗೆ ಇಳಿದು ಬರುತ್ತಿತ್ತು. ಆ ದಿನ್ನೆಯಿಂದ ಗೆರೆ ಎಳೆದರೆ ಮೊದಲು ನನ್ನ ಷೆಡ್ಡು, ಅದರ ಹಿಂದೆ ಹಳೇ ಕಲ್ಲುಗಣಿ, ಗಣಿಯ ಆಚೆ ಹೊನ್ನವ್ವನ ಅಕ್ಕನ ಅಂಗಡಿ. ಮೂರೂ ಒಂದೇ ಸಾಲು. ಗಣಿ ಎರಡು ತೆಂಗಿನ ಮರದಷ್ಟು ಆಳ, ತಳದಲ್ಲಿ ಕರಿ ನೀರು. ಮನೆಗೆ ದಾರಿ ಗೊತ್ತಿಲ್ಲ.

“ಆ ಹೆಣ್ಮಗಳು ಸರಿಯಾಗಿ ಬಿಟ್ಟಿಲ್ಲಲೇ!” ಎಂದು ಕಿರುಚಿದೆ. “ಬಿಟ್ಟೈತಿ ಅಂದ್ಯಲ್ಲ ನೀ! ಕಿವ್ಯಾಗ ಏನು ಹತ್ತಿ ತುರುಕಿಕೊಂಡಿದ್ದಿ?”

“ನಾ ಕೇಳೀನಿ. ಖರೇನ ಬಿಟ್ಟಿತ್ತು,” ಎಂದ ಅವನು.

“ಗಾಡಿ ತಿರುಗಸು. ಮನಿ ಗಣಿ ಮುಟ್ಟೂದ್ರಾಗ ಆಕಿನ್ನ ಕರ್ಕೊಂಡು ಈಚಿಗೆ ಬರಬೇಕು. ಬೈಸಬೇಕು. ನಡಿ!”

ಗಣಿಯನ್ನು ಸುತ್ತಿಕೊಂಡು ಹೋಗುವ ಹಾದಿ ಕಲ್ಲಿನ ಹಾದಿ. ದಾವಲಸಾಬ ಎಂದೂ ಹಾಗೆ ಗಾಡಿ ಓಡಿಸಿದವನಲ್ಲ. ನಾನು ಹಿಂದೆ ಕೂತು ಅವನಿಗೂ, ಹಾದಿಗೂ, ಹೊನ್ನವ್ವನಿಗೂ ಬೈಯುತ್ತಲೇ ಇದ್ದೆ. ಬೈಯದೆ ಇದ್ದರೆ ಒಳಗಿರುವ ಕೂಸಿನ ನೆನಪಾಗುತ್ತಿತ್ತು.

ಹೊನ್ನವ್ವ ಮಷೀನಿನ ಮುಂದೆ ಕೂತು ರವಿಕೆಗೆ ತೋಳು ಕೂಡಿಸುತ್ತಿದ್ದಳು. ನಾನು ಹೇಳಿದ್ದು ಅವಳಿಗೆ ಅರ್ಧ ತಿಳಿಯುವುದರೊಳಗೆ ರಟ್ಟೆ ಹಿಡಿದು ಎಬ್ಬಿಸಿದ್ದೆ. “ನಾ ಬಿಟ್ಟೀನಣ್ಣಾ,” ಎಂದಳು. “ಅವತ್ತ ಬಿಟ್ಟೀನಿ. ಬಿಟ್ಟ ಮ್ಯಾಲ ಎಷ್ಟು ದಿನ ನಿದ್ದಿ ಹತ್ತಿಲ್ಲ ನನಗ. ಇನ್ನೇನು ಉಳದೈತಿ ಬಿಡಾಕ?”

“ಮಾತು ಬ್ಯಾಡ, ನಡಿ!”

ಅಂಗಡಿಯ ಹಿಂದೆ ಹೊರಬಿದ್ದರೆ ಎದುರಿಗೇ ಗಣಿ. ಆಚೆ ದಡದಲ್ಲಿ ಮನೆ ಆಗಲೇ ನನ್ನ ಷೆಡ್ಡನ್ನು ದಾಟಿತ್ತು. ಬೇಲಿ ಮುರಿದು, ಒಟ್ಟಿದ ಹಲಗೆಗಳನ್ನು ಚೆಲ್ಲಾಡಿ, ಇಳಿಜಾರಿನಲ್ಲಿ ವೇಗ ಹಿಡಿದು ಬರುತ್ತಿತ್ತು. ಹಿಟ್ಟು ಮೆತ್ತಿದ ಮೈಯಲ್ಲೇ ಮೌನೇಶ ಅದರ ಮುಂದೆ ಮುಂದೆ ಓಡುತ್ತ ಗಾಲಿಗೆ ಕಲ್ಲು ಕೊಡುತ್ತಿದ್ದ. ಗಾಲಿ ಹತ್ತುತ್ತಿತ್ತು, ಇಳಿಯುತ್ತಿತ್ತು. ಇನ್ನೂ ನಾಲ್ಕು ಜನ ಹಿಂದಿನಿಂದ ಹಗ್ಗ ಹಿಡಿದು ಜಗ್ಗುತ್ತ ಮಣ್ಣಿನಲ್ಲಿ ಎಳೆದಾಡಿಸಿಕೊಂಡು ಬರುತ್ತಿದ್ದರು. ಕಿಟಕಿಯ ಸರಳಿನ ಹಿಂದೆ ಲಲಿತಾ. ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು, ತುಟಿ ಬಿಗಿದಿದ್ದಳು. ಒಂದು ಕೆಟ್ಟ ಮಾತು ಬಾಯಿಂದ ಜಾರಿದರೆ ಮನೆ ತಮ್ಮನ್ನು ಪೂರ್ತಿ ಬಿಟ್ಟೇ ಹೋದೀತೆಂದು ಆ ಹೊತ್ತಿನಲ್ಲೂ ಹೆದರಿದ್ದಳು ಪಾಪ. ಆ ಸರಳುಗಳನ್ನು ಗಟ್ಟಿಮುಟ್ಟಾಗಿ ಕೂಡಿಸಿದವನು ನಾನೇ.

ಸುತ್ತಿ ಹೋಗಲು ಹೊತ್ತಿರಲಿಲ್ಲ. “ಇಲ್ಲಿಂದನ ಬೈ!” ಎಂದೆ.

ಹೊನ್ನವ್ವ ಗಣಿಯ ಅಂಚಿಗೆ ನಿಂತು ಬಾಯಿಗೆ ಕೈ ಹಚ್ಚಿ ಕೂಗಿದಳು. “ಬರಬ್ಯಾಡಾ! ನೀ ನನ್ನ ಪಾಲಿಗೆ ಸತ್ತೀ! ಹೋಗಾ!” ಆ ಹೆಂಗಸಿನ ಗಂಟಲಲ್ಲಿ ಅಂಥ ಧ್ವನಿ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಗಣಿಯ ಗೋಡೆಗಳು ಅದನ್ನೇ ತಿರುಗಿ ಕೂಗಿದವು. ಮನೆ ಒಂದು ಅಳುಕೂ ಅಳುಕಲಿಲ್ಲ.

“ಇನ್ನೂ ಜೋರ!”

“ಇನ್ನೇನು ಜೀವಾ ಬಿಡ್ಲೇನಣ್ಣಾ?”

“ಹಂಗಾದ್ರ ಓಡು! ಎಡಕ್ಕ ಓಡು, ಆ ಬಯಲ ಕಡೆ! ನಿನ್ನ ಹಿಂದ ಹೊಳ್ಳತೈತಿ!”

ಅವಳು ಸೀರೆ ಎತ್ತಿ ಕಟ್ಟಿ ಅಂಚಿನುದ್ದಕ್ಕೂ ಎಡಕ್ಕೆ ಓಡಿದಳು. ಮನೆ ಹೊರಳಲಿಲ್ಲ. ನಾನು ನಿಂತಿದ್ದ ಕಡೆಗೇ ಮೂತಿ ಇಟ್ಟು ಬರುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಯಲು ಮುಟ್ಟು, ಇನ್ನೂ ದೂರ ಓಡು ಎಂದು ಒದರುತ್ತ ಅವಳ ಹಿಂದೆ ನಾನೂ ಓಡಿದೆ.

“ಫಕೀರಾ, ನಿಲ್ಲು!” ಹಿಂದಿನಿಂದ ದಾವಲಸಾಬ ಕೂಗಿದ. ಅವನ ಧ್ವನಿ ಕೇಳಿ ನಿಂತೆ. “ತಿರುಗಿ ಬಾ. ನನ್ನ ಕಡೆ ಬಾ.”

“ಯಾಕಲೇ?”

“ಬಾ ಅಂದ್ರ ಬಾ!”

ನಾಲ್ಕು ಹೆಜ್ಜೆ ಅವನ ಕಡೆ ಬಂದೆ. ಆಚೆ ದಡದಲ್ಲಿ ಮನೆಯ ಮೂತಿ, ಗೂಟಕ್ಕೆ ಕಟ್ಟಿದ ಎಮ್ಮೆ ಕುತ್ತಿಗೆ ತಿರುಗಿಸಿದ ಹಾಗೆ, ಬಲಕ್ಕೆ ಹೊರಳಿತು.

“ಅದು ಆಕಿ ಹಿಂದ ಬಂದಿಲ್ಲೋ ಮೂಳಾ,” ಎಂದ ದಾವಲಸಾಬ. “ನಿನ್ನ ಹಿಂದ ಬಂದೈತಿ.”

ನಾನು ಷೆಡ್ಡಿನಲ್ಲೇ ಹತ್ತರಿ ಹೊಡೆಯುತ್ತ ಕೂತಿದ್ದರೆ ಮನೆ ನನ್ನ ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ಗಣಿಯ ಆಚೆ ಬಂದು ನಿಂತು, ಆ ತಾಯಿ ಮಗುವನ್ನು ಗಣಿಯೊಳಕ್ಕೆ ಕರೆಯುತ್ತಿದ್ದವನು ನಾನೇ. ಇದನ್ನು ಯೋಚಿಸಿದ್ದು ಆಮೇಲೆ. ಆಗ ಯೋಚನೆಗೆ ಜಾಗವಿರಲಿಲ್ಲ. ಮನೆಯ ಮುಂದಿನ ಗಾಲಿಯಿಂದ ಬೆಣಚುಕಲ್ಲುಗಳು ಅಂಚಿನಿಂದ ಜಾರಿ ನೀರಿಗೆ ಬಿದ್ದ ಸದ್ದು ಕೇಳಿಸಿತು. ಮೌನೇಶ ಗಾಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅವನೂ ಹೋಗುವವನೇ.

ನಾನು ಎಡಕ್ಕೆ ಓಡಿದೆ.

ಎಷ್ಟೋ ವರ್ಷಗಳಿಂದ ಓಡಿದವನಲ್ಲ. ಚಪ್ಪಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಲುಂಗಿ ಕಾಲಿಗೆ ತೊಡರಿತು, ಎತ್ತಿ ಹಲ್ಲಿನಲ್ಲಿ ಕಚ್ಚಿದೆ. ಮನೆಯನ್ನು ನೋಡುತ್ತ ಓಡಿದರೆ ಮುಗ್ಗರಿಸುತ್ತೇನೆ, ನೋಡದಿದ್ದರೆ ಜೀವ ನಿಲ್ಲುವುದಿಲ್ಲ. ಆಚೆ ದಡದ ಅಂಚಿನ ಮೇಲೇ ಅದು ನನ್ನ ಸಮಕ್ಕೆ ಬರುತ್ತಿತ್ತು, ಒಳಗಡೆಯ ಗಾಲಿಗಳ ಕೆಳಗೆ ಅರ್ಧ ನೆಲ, ಅರ್ಧ ಗಾಳಿ. ಒಂದು ಕಡೆ ಅಂಚು ಕುಸಿಯಿತು. ಮನೆ ವಾಲಿತು. ಒಳಗಿನಿಂದ ಪಾತ್ರೆಗಳು ಉರುಳಿದ ಸದ್ದು, ಕೂಸಿನ ಅಳು. “ಬಾ ಖೋಡಿ! ಬೀಳಬ್ಯಾಡ! ಬಿದ್ದೀ ಅಂದ್ರ ನಿನ್ನ ಹಲಗಿ ಹಲಗಿ ಕಿತ್ತು ಒಲಿಗೆ ಹಾಕ್ತೀನಿ!” ಎಂದು ಒದರಿದೆ. ಲುಂಗಿ ಬಾಯಿಂದ ಬಿತ್ತು. ಮನೆ ಹೇಗೋ ಸಾವರಿಸಿಕೊಂಡು ನೆಟ್ಟಗಾಯಿತು.

ಗಣಿ ಮುಗಿಯುವಲ್ಲಿ ಮೊದಲೆಲ್ಲ ಕಲ್ಲಿನ ಬಂಡಿಗಳು ಏರಿಬರುತ್ತಿದ್ದ ಹಾದಿಯಿದೆ. ಅದನ್ನು ದಾಟಿ ಆಚೆ ದಡಕ್ಕೆ ಹೋದೆ, ದಡ ಬಿಟ್ಟು ದನ ಮೇಯುವ ಬಯಲಿಗೆ ಇಳಿದೆ, ಮನೆ ಗಣಿಗೆ ಬೆನ್ನು ಕೊಟ್ಟು ನನ್ನ ಕಡೆ ಹೊರಳಿದ್ದನ್ನು ನೋಡಿದೆ. ಅಲ್ಲಿಗೆ ಕಾಲು ನಿಂತವು. ಹುಲ್ಲಿನ ಮೇಲೆ ಕುಸಿದು ಕೂತೆ. ಅದು ಬಂತು. ಹೊಸ್ತಿಲು ನನ್ನ ಮೂಗಿಗೆ ಒಂದು ಗೇಣು ಇರುವಂತೆ ನಿಂತಿತು. ಬಾಗಿಲು ತಾನೇ ತೆರೆಯಿತು.

ಲಲಿತಾ ಕೂಸಿನ ಸಮೇತ ಹೊರಗೆ ಹಾರಿ ಗಂಡನ ಮೇಲೆ ಬಿದ್ದಳು. ಮೌನೇಶ ಅವಳನ್ನೂ ಕೂಸನ್ನೂ ತಡವಿ ತಡವಿ ನೋಡಿದ. ಇಬ್ಬರಿಗೂ ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. ಅವನು ಹೊಡೆದಿದ್ದರೆ ಸುಮ್ಮನೆ ಹೊಡೆಸಿಕೊಳ್ಳುತ್ತಿದ್ದೆ.

“ಮಾರಿದ ಮನ್ಯಾಗ ನಿನ್ನ ಜೀವಾ ಇಟ್ಟಿದ್ದೀ ಅಂದ್ರ ಯಾಕ ಮಾರಿದ್ಯೋ ಯಪ್ಪಾ?” ಎಂದ. “ಈಗ ನಾ ಈ ಕೂಸು ತಗೊಂಡು ಎಲ್ಲಿಗೆ ಹೋಗ್ಲಿ? ತಿರುಗಿ ಆ ಧೂಳಿಗೇನು?”

ರೊಕ್ಕ ವಾಪಸು ಕೊಡುತ್ತೇನೆ ಎನ್ನಲು ಬಾಯಿ ತೆರೆದೆ. ರೊಕ್ಕ ಎಲ್ಲಿತ್ತು? ಎರಡು ಮುರುಕು ಮನೆಗಳ ಹೊಟ್ಟೆಯಲ್ಲಿತ್ತು. ಕೊಟ್ಟರೂ, ಗಾಳಿ ಬರುವ ಕಡೆ ಆ ಬೆಲೆಗೆ ಇನ್ನೊಂದು ಮನೆ ಊರಿನಲ್ಲಿರಲಿಲ್ಲ. ಜನ ಸುತ್ತ ಕೂಡಿದ್ದರು. ಹೊನ್ನವ್ವನೂ ಏದುಸಿರು ಬಿಡುತ್ತ ಬಂದು ನಿಂತಳು.

“ಬೈ,” ಎಂದ ದಾವಲಸಾಬ, ಅಚ್ಚಿನ ಪಕ್ಕ ಮಲಗಿ. “ನಿನಗ ಕಲಸಬೇಕೇನು?”

ಎದ್ದು ನಿಂತು ಬೈದೆ. ಹೊಟ್ಟೆಯಲ್ಲಿದ್ದ ಸಿಟ್ಟು, ಹೆದರಿಕೆ ಎರಡನ್ನೂ ಕೂಡಿಸಿ ಬೈದೆ. ಹೆಂಗಸರು ಕಿವಿ ಮುಚ್ಚಿಕೊಂಡರು. ನಾನು ಅಷ್ಟು ಬೈದದ್ದನ್ನು ನಾನೂ ಕೇಳಿರಲಿಲ್ಲ. ಮನೆ ಮೆಲ್ಲಗೆ ಮುಂದೆ ಉರುಳಿತು, ಹೊಸ್ತಿಲನ್ನು ನನ್ನ ಎದೆಗೆ ತಂದು ಹಚ್ಚಿತು.

ಯಾರೋ ನಕ್ಕರು. ಮೌನೇಶ ನಗಲಿಲ್ಲ. ಇನ್ನಷ್ಟು ಬೈದೆ. ಅದು ಇನ್ನಷ್ಟು ಒತ್ತಿತು. ಎರಡು ಹೆಜ್ಜೆ ಹಿಂದೆ ಸರಿದೆ, ಅದೂ ಬಂತು. ಗಂಟಲು ಹರಿದು ನಿಂತುಬಿಟ್ಟೆ. ಇದಕ್ಕಿಂತ ಕೆಟ್ಟ ಮಾತು ನನ್ನ ಹತ್ತಿರ ಇರಲಿಲ್ಲ.

ಹೊನ್ನವ್ವ ಹತ್ತಿರ ಬಂದಳು. ತನ್ನ ಹಳೇ ಮನೆಯ ಕಡೆ ಅವಳು ಒಮ್ಮೆಯೂ ನೋಡಲಿಲ್ಲ. “ಅಣ್ಣಾ, ಇವೆಲ್ಲಾ ಅದು ದಿನಾ ಕೇಳಿದ ಮಾತು,” ಎಂದಳು. “ನಾ ಅವತ್ತ ಆಡಿದ ಮಾತು ಸಣ್ಣದು. ಆದ್ರ ಅದನ್ನ ಆಡಾಕ ನನ್ನ ಕರಳು ಕಿತ್ತು ಬಂದಿತ್ತು. ನಿನಗ ಯಾವುದು ಆಡಾಕ ಆಗೂದಿಲ್ಲೋ, ಅದನ್ನ ಆಡು.”

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಅನಿಸಿತು. ನಾನು ಬೈಯುವುದು ನನ್ನವರಿಗೆ ಮಾತ್ರ. ದಾವಲಸಾಬನಿಗೆ ಬೈಯುತ್ತೇನೆ, ಸತ್ತ ನನ್ನ ಅವ್ವನಿಗೆ ಈಗಲೂ ಬೈಯುತ್ತೇನೆ. ಯಾರು ನನಗೆ ಏನೂ ಅಲ್ಲವೋ ಅವರ ಹತ್ತಿರ ಬೆಣ್ಣೆಯಂತೆ ಮಾತಾಡುತ್ತೇನೆ. ಕೂಸು ಲಲಿತಾಳ ಹೆಗಲ ಮೇಲೆ ಕೆಮ್ಮಿತು. ಗೊರಗೊರ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು.

ಲುಂಗಿ ಸರಿಪಡಿಸಿಕೊಂಡೆ. ಮುಖ ಒರೆಸಿಕೊಂಡೆ. ಗಿರಾಕಿಯ ಮುಂದೆ ನಿಲ್ಲುವ ಹಾಗೆ ಕೈ ಜೋಡಿಸಿದೆ.

“ಇಷ್ಟು ದಿನಾ ನನ್ನಿಂದ ತಮಗ ಭಾಳ ತ್ರಾಸ ಆತು,” ಎಂದೆ. “ತಪ್ಪಿದ್ದರ ಹೊಟ್ಟ್ಯಾಗ ಹಾಕ್ಕೋರಿ. ಇವರು ಒಳ್ಳೇ ಮಂದಿ ಅದಾರ. ಇವರ ಕೂಡ ಸುಖವಾಗಿ ಇರ್ರಿ. ಇನ್ನ ನಮ್ಮದೂ ತಮ್ಮದೂ ಏನೂ ಇಲ್ಲ. ನಾ ಬರ್ತೀನ್ರಿ.”

ಯಾರೂ ನಗಲಿಲ್ಲ. ಮನೆ ಅಲ್ಲಾಡಲಿಲ್ಲ. ಬಹಳ ಹೊತ್ತಾಯಿತೆಂದು ನನಗೆ ಅನಿಸಿತು. ಆಮೇಲೆ ಹೊಸ್ತಿಲು ನನ್ನ ಎದೆಯಿಂದ ಹಿಂದೆ ಸರಿಯಿತು. ಅಚ್ಚು ಕಟ್ಟೆಂದಿತು.

“ಬಿಟ್ಟೈತಿ,” ಎಂದ ದಾವಲಸಾಬ, ನೆಲದಿಂದ, ಸಣ್ಣ ಧ್ವನಿಯಲ್ಲಿ.

ಮೌನೇಶ ಮನೆಯ ಕಡೆಗೂ ಹೆಂಡತಿಯ ಕಡೆಗೂ ನೋಡಿದ. “ಒಳಗ ಹೋಗು,” ಎಂದ. ಲಲಿತಾ ತಲೆ ಅಲ್ಲಾಡಿಸಿದಳು. “ನಾ ಒಲ್ಲೆ. ಇದು ಈಗ ಯಾರದೂ ಅಲ್ಲ. ನಾಳೆ ಮತ್ತ ಯಾರ ಹಿಂದ ಹೊಂಟತೈತೋ ಯಾರಿಗೆ ಗೊತ್ತು?” ಅವಳು ಹೇಳಿದ್ದು ಸುಳ್ಳಲ್ಲ. ಯಾರಿಗೂ ಸೇರದ ಮನೆಯನ್ನು ನಂಬುವಂತಿಲ್ಲ. ಅದು ತಾನಾಗಿಯೇ ಯಾರನ್ನಾದರೂ ಹಚ್ಚಿಕೊಳ್ಳಬೇಕು, ಅಲ್ಲಿಯವರೆಗೆ ಕಾಯಬೇಕು. ಗಂಡ ಮತ್ತೆ ಬೇಡಿಕೊಂಡ. ಕೂಸನ್ನು ಅವನ ಕೈಗೆ ಕೊಟ್ಟು, ಒಳಗೆ ಏನಾಗಿದೆಯೋ ನೋಡಲೆಂದು ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಒಲೆ ಮಗುಚಿತ್ತು. ಅಕ್ಕಿ, ಬೇಳೆ, ಬೂದಿ ಒಂದಾಗಿತ್ತು. ಕೂಸಿಗೆ ಕಾಯಿಸಿಟ್ಟ ಹಾಲು ನೆಲದ ತುಂಬ ಹರಿದಿತ್ತು.

ದಿನ್ನೆಯಿಂದ ಗಣಿಯವರೆಗೆ ಬಿಗಿದಿಟ್ಟ ತುಟಿ ಅಲ್ಲಿ ಬಿಚ್ಚಿತು.

“ಹಾಳಾಗಿ ಹೋಗಾ ನಿನ್ನ!” ಎಂದಳು. “ಕಣ್ಣು ಕಾಣವಲ್ಲವೇನು ನಿನಗ, ಕುಡ್ಡ ಕತ್ತಿ! ಕೂಸಿನ ಹಾಲು ಎಲ್ಲಾ ಚೆಲ್ಲಿದ್ಯಲ್ಲಾ! ತಾಯಿ ಮಗನ್ನ ನೀರಿಗೆ ಹಾಕಾಕ ಹೊಂಟಿದ್ದೇನು? ನಿನ್ನ ಗಾಲಿ ಮುರೀಲಿ!”

“ಬೈಬ್ಯಾಡವ್ವಾ!” ಎಂದು ನಾನು ಚೀರಿದೆ. ಮೌನೇಶನೂ ಚೀರಿದ. ಬೈದಳು, ಮುಗಿಯಿತು, ಇನ್ನು ಈ ಮನೆ ಇವರಿಗೆ ಎಂದೆಂದೂ ಇಲ್ಲ.

ಗಾಲಿ ಅಲ್ಲಾಡಿತು. ಮನೆ ಬೆರಳಗಲ ಮುಂದೆ ಬಂತು. ಇನ್ನೂ ಬೆರಳಗಲ. ಹೊಸ್ತಿಲನ್ನು ಲಲಿತಾಳ ಮೊಣಕಾಲಿಗೆ ಮೆತ್ತಗೆ ಹಚ್ಚಿ ನಿಂತಿತು. ಕೆಳಗೆ ಮಲಗಿದ್ದ ದಾವಲಸಾಬ ಅಚ್ಚಿನಿಂದ ಕಿವಿ ತೆಗೆದು, ಬಾಯಿ ತೆರೆದು ನನ್ನನ್ನೇ ನೋಡಿದ.

ಲಲಿತಾ ಬೈಗುಳದ ನಡುವೆಯೇ ನಿಂತುಹೋಗಿದ್ದಳು. ತಾನು ಏನು ಮಾಡಿಬಿಟ್ಟೆನೋ ಎಂಬಂತೆ, ಅಳು ಬರುವ ಮುಖ ಮಾಡಿಕೊಂಡು, ನನ್ನ ಕಡೆ ತಿರುಗಿದಳು.

“ನಿಲ್ಲಸಬ್ಯಾಡ,” ಎಂದೆ. “ಇನ್ನೊಂದೀಟು ಬೈಯವ್ವಾ.”